ಸೂಟ್‌ಕೇಸಿನ ಎಂಟುನೂರು ಗ್ರಾಂ

ಮೇ ತಿಂಗಳಲ್ಲಿ ಧನಂಜಯನನ್ನು ಅವನ ಕಂಪನಿಯವರು ಇನ್‌ಸ್ಪೆಕ್ಟರಿನಿಂದ ಸೀನಿಯರ್ ಇನ್‌ಸ್ಪೆಕ್ಟರಿಗೆ ಏರಿಸಿದರು. ಸಂಬಳ ಏರಲಿಲ್ಲ, ಕೆಲಸ ಇಳಿಯಲಿಲ್ಲ, ಕುರ್ಚಿಯೂ ಅದೇ. ವಿಸಿಟಿಂಗ್ ಕಾರ್ಡು ಮಾತ್ರ ಹೊಸದಾಯಿತು. ಹಾಸನದಿಂದ ಕುವೈತಿಗೆ ಬಂದು ಪೈಪು, ವಾಲ್ವು, ಬೋಲ್ಟುಗಳನ್ನು ಅಳೆದು ತೂಗಿ ‘ಸರಿ’ ಅಥವಾ ‘ಸರಿಯಿಲ್ಲ’ ಎಂದು ಮುದ್ರೆ ಒತ್ತುತ್ತಲೇ ಅರ್ಧ ತಲೆಗೂದಲು ಕಳೆದುಕೊಂಡಿದ್ದ ಅವನಿಗೆ ಅಷ್ಟೇ ಸಾಕಿತ್ತು. ಖೈತಾನಿನ ತನ್ನ ಬೀದಿಯಲ್ಲಿ ಬಕಾಲಾ ಎಂಬ ದಿನಸಿ ಅಂಗಡಿಯವನಿಗೊಂದು, ಕ್ಷೌರದವನಿಗೊಂದು, ಲಿಫ್ಟ್ ರಿಪೇರಿಗೆ ಬಂದವನಿಗೊಂದು ಕಾರ್ಡು ಕೊಟ್ಟ. ವರ್ಷಗಳಿಂದ ಪಕ್ಕದ ಫ್ಲ್ಯಾಟಿನಲ್ಲೇ ಇರುವ ಪುರಂದರನಿಗೂ ಒಂದು ಕೊಟ್ಟು, “ಏನಾದ್ರೂ ಬೇಕಾದ್ರೆ ಫೋನ್ ಮಾಡಿ” ಎಂದ. ಉಡುಪಿ ಕಡೆಯ ಪುರಂದರ ಹೋಟೆಲ್ ಮ್ಯಾನೇಜರ್. ಉಪಯೋಗವಿಲ್ಲದ ವಸ್ತು ಇಲ್ಲವೆಂದು ನಂಬಿದವನು. ಕಾರ್ಡನ್ನು ನಾಲ್ಕಾಗಿ ಮಡಚಿ ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿಗೆ ಕೊಟ್ಟ.

ಊರಿನಲ್ಲಿಯೂ ಹಂಚಬೇಕಲ್ಲ! ಧನಂಜಯನ ಹೆಂಡತಿ ಸಿಂಚನಾ ಜುಲೈ ರಜೆಗೆ ಮೇ ತಿಂಗಳಲ್ಲೇ ಸೂಟ್‌ಕೇಸು ತೆರೆದು ಸ್ಟೋರ್ ರೂಮಿನಲ್ಲಿ ಇಟ್ಟಿದ್ದಳು. ಒಂದು ಸಂಜೆ ಧನಂಜಯ ಒಂದು ಕಟ್ಟು ಕಾರ್ಡುಗಳನ್ನು ಅದರಲ್ಲಿ ಇಡಲು ಹೋದವನು ಅಲ್ಲಿಂದಲೇ ಕೂಗಿದ.

“ಸಿಂಚನಾ! ಇಲ್ಲಿ ಯಾರೋ ಹೆತ್ತಿದಾರೆ!”

ಮಾವನಿಗೆಂದು ತೆಗೆದ ರೇಷ್ಮೆ ಪಂಚೆಯ ಮೇಲೆ ಬೂದು ಬಣ್ಣದ ಬೀದಿಬೆಕ್ಕೊಂದು ಮಲಗಿತ್ತು. ಅದರ ಹೊಟ್ಟೆಗಂಟಿ ಕಣ್ಣು ಮುಚ್ಚಿದ ನಾಲ್ಕು ಮರಿಗಳು. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲು ತೆರೆದಿಟ್ಟಿದ್ದಾಗ ಬೆಕ್ಕು ಒಳಗೆ ಬಂದಿರಬೇಕು. ಹೊರಗೆ ಕಾದ ಬಾಣಲೆಯಂಥ ಬಿಸಿಲು, ಒಳಗೆ ಎ.ಸಿ., ರೇಷ್ಮೆ. ತಾಯಿಯಾಗುವವಳು ಇನ್ನೆಲ್ಲಿಗೆ ಹೋದಾಳು?

ಆದರೆ ಆ ಕಟ್ಟಡದ ಬಾಗಿಲಲ್ಲಿ ಒಂದು ಬೋರ್ಡಿತ್ತು: ಪ್ರಾಣಿ ಸಾಕುವಂತಿಲ್ಲ. ಅದನ್ನು ಜಾರಿಗೆ ತರಲು ಬೀರಾನ್ ಎಂಬ ಕಾವಲುಗಾರನಿದ್ದ. ಕಾಸರಗೋಡಿನ ಆಚೆಯ ಬೀರಾನನಿಗೆ ಬೋರ್ಡಿನ ಮೇಲೆ ಅಪಾರ ಗೌರವ. ಮೊದಲ ಮಹಡಿಯವರ ಗಿಳಿ ಅವನಿಗೇ ‘ಗುಡ್ ಮಾರ್ನಿಂಗ್’ ಹೇಳಿ ಸಿಕ್ಕಿಬಿದ್ದು ಅದೇ ದಿನ ಗಡಿಪಾರಾಗಿತ್ತು.

“ಮರಿ ತಾವೇ ತಿನ್ನೋ ತನಕ ಇರ್ಲಿ ರೀ,” ಎಂದಳು ಸಿಂಚನಾ. “ಈ ಬಿಸಿಲಿಗೆ ಹಾಕಿದ್ರೆ ಒಂದೂ ಉಳಿಯಲ್ಲ.”

“ಇರ್ಲಿ. ಆದ್ರೆ ಬೆಕ್ಕು ಅನ್ನೋ ಪದ ಈ ಮನೇಲಿ ಇವತ್ತಿಂದ ಬಂದ್,” ಎಂದ ಧನಂಜಯ. ವಾರಕ್ಕೆರಡು ಸಲ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಬೀಗದ ಕೈ ಇಟ್ಟುಕೊಂಡು ಬಂದು ಮನೆ ಗುಡಿಸಿ ಒರೆಸುತ್ತಿದ್ದ ಮಂಗಳೂರಿನ ವೆಲಿಟಾಳಿಗೂ, ‘ಸ್ಟೋರ್ ರೂಮ್ ಬೇಡ’ ಎಂದು ಹೇಳಿ ಅದಕ್ಕೆ ಬೀಗ ಹಾಕಿದರು.

ಸಿಂಚನಾ ಪ್ರಾಣಿಗಳ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಅಲ್ಲಿನ ಡಾಕ್ಟರಮ್ಮ, ತಾಯಿಗೆ ಚೆನ್ನಾಗಿ ತಿನ್ನಲು ಕೊಡಿ, ಪ್ರತಿಯೊಂದು ಮರಿಯೂ ಮೊಲೆಗೆ ಬಾಯಿ ಹಾಕುತ್ತಿದೆಯೇ ನೋಡಿ, ಬೆಚ್ಚಗಿಡಿ, ದಿನಾ ತೂಕ ನೋಡಿ, ಮರಿಯೊಂದು ದಿನಕ್ಕೆ ಹತ್ತು ಗ್ರಾಂ ಆದರೂ ಏರಬೇಕು ಎಂದಳು. ಇಷ್ಟರಲ್ಲಿ ಧನಂಜಯನ ಕಿವಿಗೆ ಬಿದ್ದದ್ದು ‘ತೂಕ’ ಮತ್ತು ‘ಗ್ರಾಂ’ ಮಾತ್ರ. ಅವನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದು ಒರೆಸಿದ. ಅವನ ಮುಖದಲ್ಲಿ ಸೀನಿಯರ್ ಕಳೆ ಬಂತು.

ತೂಗುವ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ತಾಯಿ ತಿನ್ನಲು ಎದ್ದಾಗ ಸಿಂಚನಾ ಮರಿಗಳನ್ನು ಬುಟ್ಟಿಯಲ್ಲಿ ತರುವಳು, ಧನಂಜಯ ಒಂದೊಂದನ್ನೇ ತಕ್ಕಡಿಯ ಬಟ್ಟಲಲ್ಲಿ ಕೂರಿಸಿ ಅಂಕಿ ಘೋಷಿಸುವನು. ಮರಿಗಳಿಗೆ ಬಣ್ಣವೇ ಹೆಸರು: ಹಳದಿ, ಬಿಳಿ, ಕಪ್ಪು, ನಾಲ್ಕನೆಯದು ಯಾವ ಬಣ್ಣವೆಂದು ತಿಳಿಯದಷ್ಟು ಪುಟ್ಟದಾದ್ದರಿಂದ ಅದು ಬರೀ ‘ಸಣ್ಣದು’.

ಆ ಅಡುಗೆಮನೆಯ ಕಿಟಕಿಯೂ ಪುರಂದರನ ಅಡುಗೆಮನೆಯ ಕಿಟಕಿಯೂ ಗಾಳಿ ಬೆಳಕಿಗೆಂದು ಬಿಟ್ಟ ಒಂದೇ ಡಕ್ಟಿಗೆ ತೆರೆದಿದ್ದವು. ಈ ಬದಿಯಲ್ಲಿ ಒಗ್ಗರಣೆ ಹಾಕಿದರೆ ಆ ಬದಿಯಲ್ಲಿ ಸೀನು ಬರುತ್ತಿತ್ತು. ಪುರಂದರನ ಹೆಂಡತಿ ರಾಜೀವಿ ಅಲ್ಲಿ ನಿಂತು ತೆಂಗಿನಕಾಯಿ ತುರಿಯುತ್ತಿದ್ದವಳು ಒಂದು ಸಂಜೆ ತುರಿಯುವುದನ್ನು ನಿಲ್ಲಿಸಿದಳು.

“ಹಳದಿ ಇನ್ನೂರಾ ಮೂವತ್ತು,” ಎನ್ನುತ್ತಿತ್ತು ಧನಂಜಯನ ದನಿ. “ಬಿಳಿ ಇನ್ನೂರಾ ಹತ್ತು. ಕಪ್ಪು ಇನ್ನೂರು. ಒಟ್ಟು ಎಂಟುನೂರು ಗ್ರಾಂ ಕಣೇ! ನಿನ್ನೆಗಿಂತ ನಲವತ್ತು ಜಾಸ್ತಿ!”

“ಮೆಲ್ಲಗೆ ರೀ. ತಾಯಿದು ತೂಗಿದ್ರಾ?”

“ತಾಯಿದು ಈ ತಕ್ಕಡಿಗೆ ಆಗಲ್ಲ. ನಾಲ್ಕು ಕಿಲೋ ಮೇಲಿದೆ.”

“ಸರಿ, ಸೂಟ್‌ಕೇಸಲ್ಲಿಟ್ಟು ಬೀಗ ಹಾಕಿ. ಯಾರಿಗಾದ್ರೂ ಗೊತ್ತಾದ್ರೆ ಕಷ್ಟ.”

ಪುರಂದರ ಕೆಲಸದಿಂದ ಬಂದಾಗ ರಾಜೀವಿ ಅರ್ಧ ತೆಂಗಿನಕಾಯಿ ಹಿಡಿದುಕೊಂಡು ಸೋಫಾದಲ್ಲಿ ಕುಳಿತಿದ್ದಳು.

“ದಿನಕ್ಕೆ ನಲವತ್ತು ಗ್ರಾಂ ಅಂದ್ರೆ ಎಷ್ಟು ಪವನು?”

“ಐದು,” ಎಂದ ಪುರಂದರ. “ಯಾಕೆ?”

ರಾಜೀವಿ ಹೇಳಿದಳು. ಪುರಂದರ ಷೂ ಬಿಚ್ಚುವುದನ್ನು ಮರೆತ. “ಹಳದಿ ಅಂದ್ರೆ ಚಿನ್ನ. ಬಿಳಿ ಅಂದ್ರೆ ಪ್ಲಾಟಿನಂ. ಕಪ್ಪು ಅಂದ್ರೆ...” ಸ್ವಲ್ಪ ಯೋಚಿಸಿ ದನಿ ಇಳಿಸಿದ. “ಕಪ್ಪು ಅಂದ್ರೆ ಏರ್‌ಪೋರ್ಟಿನಲ್ಲಿ ತೋರಿಸ್ಲಿಕ್ಕಿಲ್ಲದ್ದು.”

“ತಾಯಿದೇ ನಾಲ್ಕು ಕಿಲೋ ಉಂಟಂತೆ ಮಾರಾಯ್ರೆ!”

“ಹಾಸನದಲ್ಲಿ ಹಳೇ ಮನೆತನ ಇರ್ಬೇಕು. ನೋಡಿದ್ರೆ ಗೊತ್ತಾಗುದಿಲ್ಲ ಮನುಷ್ಯ!”

ವಿಷಯ ಇಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಧನಂಜಯನಿಗೆ ತನ್ನ ತಕ್ಕಡಿಯ ಮೇಲೆ ಅನುಮಾನ ಬಂತು. ಪರೀಕ್ಷೆಯಾಗದ ತಕ್ಕಡಿಯಿಂದ ತೂಗಿದ ಬೋಲ್ಟಿಗೇ ಮುದ್ರೆ ಒತ್ತದವನು ಮರಿಗೆ ಒತ್ತಿಯಾನೇ? ಅದೇ ಕಟ್ಟಡದ ನಾಲ್ಕನೆಯ ಮಹಡಿಯ ಬಾವಾಕುಂಞಿ ಹತ್ತಿರದ ಚಿನ್ನದಂಗಡಿಯಲ್ಲಿ ಸೇಲ್ಸ್‌ಮನ್. ಧನಂಜಯ ತಕ್ಕಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದ.

“ಬಾವಾಕುಂಞಿಯವರೇ, ನಿಮ್ಮ ತೂಕದ ಕಲ್ಲು ಇದರ ಮೇಲೊಂದು ಸಲ ಇಡ್ತೀರಾ? ಗ್ರಾಂ ಸರಿಯಾಗಿ ತೋರಿಸುತ್ತಾ ನೋಡ್ಬೇಕು.”

ಬಳೆ ತೋರಿಸುತ್ತಿದ್ದ ಬಾವಾಕುಂಞಿ ಆ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದ. ಚಿನ್ನದಂಗಡಿಗೆ ಸ್ವಂತ ತಕ್ಕಡಿ ತರುವ ಮನುಷ್ಯನನ್ನು ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

“ಮನೆಯಲ್ಲಿ ತುಂಬಾ ಉಂಟಾ ಸಾರ್?” ಎಂದು ಪಿಸುಗುಟ್ಟಿದ.

ಬೀರಾನನೂ ಬಾವಾಕುಂಞಿಯೂ ದಿನಾ ಒಟ್ಟಿಗೆ ಚಹಾ ಕುಡಿಯುವವರೆಂದು ಧನಂಜಯನಿಗೆ ಗೊತ್ತಿತ್ತು. ಅವನು ಅತ್ತಿತ್ತ ನೋಡಿ, “ಇದೆ ಸ್ವಲ್ಪ. ಈಗ ಹೇಳೋ ಹಾಗಿಲ್ಲ. ದಿನಾ ಬೆಳೀತಾ ಇದೆ,” ಎಂದ.

“ಮಾಶಾ ಅಲ್ಲಾ,” ಎಂದ ಬಾವಾಕುಂಞಿ. ಅವನಿಗೆ ತಾನಾಗಿಯೇ ಕೈ ಮುಗಿಯಬೇಕೆನಿಸಿತು.

ಮರುದಿನದಿಂದ ಧನಂಜಯನ ಬದುಕು ಬದಲಾಯಿತು. ಲಿಫ್ಟಿನಲ್ಲಿ ಪುರಂದರ ಬಾಗಿಲು ಹಿಡಿದು ನಿಂತ. ಬಾವಾಕುಂಞಿ ಮೆಟ್ಟಿಲಲ್ಲಿ ಬದಿಗೆ ಸರಿದು ದಾರಿ ಬಿಟ್ಟ. ರಾಜೀವಿ ನೀರುದೋಸೆ ತಂದು, ಒಳಗೆ ಬಂದು, ಕುಳಿತು, ತಟ್ಟೆ ಖಾಲಿಯಾದ ಮೇಲೂ ಕುಳಿತೇ ಇದ್ದಳು. ಅವಳ ಕಣ್ಣು ಸ್ಟೋರ್ ರೂಮಿನ ಬೀಗದ ಮೇಲಿತ್ತು.

“ನೋಡಿದ್ಯಾ,” ಎಂದ ಧನಂಜಯ ಹೆಂಡತಿಗೆ. “ಸೀನಿಯರ್ ಅನ್ನೋ ಒಂದೇ ಪದಕ್ಕೆ ಎಷ್ಟು ಬೆಲೆ!”

“ಆ ಪದಕ್ಕೆ ನೀರುದೋಸೆ ಬರುತ್ತೇನ್ರೀ?” ಎಂದಳು ಸಿಂಚನಾ. ಅವಳು ಬಾಣಂತಿಗೆ ಉಪ್ಪು ಖಾರವಿಲ್ಲದ ಕೋಳಿ ಬೇಯಿಸುತ್ತಿದ್ದಳು.

ಶನಿವಾರ ಸುಕೇಶ್ ಬಂದ. ಅವನು ಆ ಭಾಗದ ಕನ್ನಡಿಗರ ಗೆಳೆಯರ ಬಳಗದ ಕಾರ್ಯದರ್ಶಿ, ಪುರಂದರನ ದೋಸ್ತ್. ಎಷ್ಟು ವರ್ಷ ಚಂದಾ ಕೊಟ್ಟರೂ ಧನಂಜಯನನ್ನು ‘ಧನರಾಜ್’ ಎಂದೇ ಕರೆಯುತ್ತಿದ್ದವನು ಇಂದು ಸರಿಯಾದ ಹೆಸರು ಹಿಡಿದ.

“ಧನಂಜಯ್ ಸಾರ್, ನಮ್ಮ ವಾರ್ಷಿಕೋತ್ಸವಕ್ಕೆ ಈ ಸಲ ನೀವೇ ಮುಖ್ಯ ಅತಿಥಿ. ನಿಮ್ಮ ಹಾಗೆ ಸದ್ದಿಲ್ಲದೆ ಮೇಲೆ ಬಂದವರು ಯಾರಿದ್ದಾರೆ ಹೇಳಿ?”

“ಸದ್ದಿಲ್ಲದೆ ಏನಿಲ್ಲ. ಕಂಪನಿಯ ಎಲ್ಲರಿಗೂ ಈಮೇಲ್ ಹೋಗಿದೆ.”

ಸುಕೇಶ್ ಬೆಚ್ಚಿದ. “ಕಂಪನಿಗೂ ಗೊತ್ತುಂಟಾ?”

“ಅವರೇ ಅಲ್ವಾ ಕೊಟ್ಟಿದ್ದು!”

“ಕಂಪನಿಯವರೇ?” ಸುಕೇಶ್ ಹತ್ತಿರ ಸರಿದ. “ಅದನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳುದಾ ಸಾರ್? ಹೆದರಿಕೆ ಆಗುದಿಲ್ವಾ?”

“ಹೆದರಿಕೆ ಯಾಕೆ? ಜೇಬಲ್ಲೂ ನಾಲ್ಕು ಇಟ್ಕೊಂಡೇ ಓಡಾಡ್ತೀನಿ. ನಿಮಗೊಂದು ಕೊಡ್ಲಾ?”

ಸುಕೇಶನ ಎರಡೂ ಕೈ ತಾವಾಗಿ ಮುಂದೆ ಬಂದವು. ಧನಂಜಯ ಅವುಗಳ ಮೇಲೆ ಒಂದು ವಿಸಿಟಿಂಗ್ ಕಾರ್ಡು ಇಟ್ಟ. ಸುಕೇಶ್ ಅದನ್ನು ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ. ಶ್ರೀಮಂತರ ತಮಾಷೆಯ ರೀತಿಯೇ ಬೇರೆ ಎಂದುಕೊಂಡು ಹಲ್ಲು ಕಿರಿದು ಹೋದ.

ಹೀಗೆ ಹೊರಗೆ ಗೌರವ ಏರುತ್ತಿದ್ದಾಗ ಮನೆಯೊಳಗೆ ಒಂದು ಅಂಕಿ ಇಳಿಯತೊಡಗಿತು. ಹಳದಿ, ಬಿಳಿ, ಕಪ್ಪು ಮೂರೂ ಕಣ್ಣು ಬಿಟ್ಟು, ಹೊಟ್ಟೆ ತುಂಬ ಕುಡಿದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಸಣ್ಣದು ಕಣ್ಣನ್ನೇನೋ ಬಿಟ್ಟಿತ್ತು. ಆದರೆ ಒಂದು ದಿನ ಏರಲಿಲ್ಲ, ಇನ್ನೊಂದು ದಿನವೂ ಏರಲಿಲ್ಲ. ಗುರುವಾರ ಸಂಜೆ ಧನಂಜಯ ಅದನ್ನು ತಕ್ಕಡಿಯ ಮೇಲಿಟ್ಟವನು ಗುಟ್ಟನ್ನೆಲ್ಲ ಮರೆತು ಕೂಗಿಬಿಟ್ಟ.

“ಹದಿನೈದು ಗ್ರಾಂ ಹೋಯ್ತು ಕಣೇ!”

“ಇನ್ನೊಂದು ಸಲ ತೂಗಿ ರೀ.”

“ಎಷ್ಟು ಸಲ ತೂಗ್ಲಿ? ಮಿಕ್ಕಿದ್ದೆಲ್ಲ ಸರಿಯಿದೆ. ಇದೊಂದೇ ಕರಗ್ತಾ ಇದೆ. ಹಗಲು ನಾವಿಲ್ಲದಾಗ ಏನಾಗ್ತಿದೆಯೋ!”

ಸಿಂಚನಾ ಮರಿಯನ್ನು ಎತ್ತಿಕೊಂಡು ಹೋಗಿ ತಾಯಿಯ ಪಕ್ಕದಲ್ಲಿ ಬಿಟ್ಟಳು. ಡಕ್ಟಿನ ಆಚೆ ರಾಜೀವಿ ಒಲೆ ಆರಿಸಿ ಹೊರಟಳು.

ಹಗಲು ಅವರಿಲ್ಲದಾಗ ಆ ಮನೆಗೆ ಬೀಗ ತೆಗೆದು ಹೋಗುವವರು ಒಬ್ಬರೇ: ವೆಲಿಟಾ. ರಾಜೀವಿ ‘ಕದ್ದಳು’ ಎಂದು ಯಾರಿಗೂ ಹೇಳಲಿಲ್ಲ. ‘ನಾನು ಎಂತ ಹೇಳುದಿಲ್ಲ, ಆದರೂ ನೀವು ಸ್ವಲ್ಪ ಜಾಗ್ರತೆ’ ಎಂದಷ್ಟೇ ಫೋನಿನಲ್ಲಿ ಹೇಳಿದಳು. ಅಷ್ಟಕ್ಕೇ ವೆಲಿಟಾ ಕೆಲಸಕ್ಕೆ ಹೋಗುತ್ತಿದ್ದ ಮೂರು ಮನೆಯವರು ನಾಳೆಯಿಂದ ಬರಬೇಡವೆಂದು ಮೆಸೇಜು ಕಳಿಸಿದರು.

ಶುಕ್ರವಾರ ಅಲ್ಲಿ ವಾರದ ರಜೆ. ಬೆಳಿಗ್ಗೆಯೇ ಧನಂಜಯನ ಮನೆಯ ಬೆಲ್ಲು ನಿಲ್ಲದೆ ಬಡಿದುಕೊಂಡಿತು. ಬಾಗಿಲು ತೆರೆದರೆ ವೆಲಿಟಾ ನಿಂತಿದ್ದಳು. ರಾಜೀವಿಯ ಮಣಿಕಟ್ಟು ಅವಳ ಕೈಯಲ್ಲಿತ್ತು. ಹಿಂದೆ ಲುಂಗಿಯಲ್ಲಿ ಪುರಂದರ, ಅವನ ಹಿಂದೆ ಪುರಂದರ ಕರೆಸಿದ್ದ ಚಿನ್ನದ ತಜ್ಞ ಬಾವಾಕುಂಞಿ, ಎಲ್ಲರಿಗಿಂತ ಹಿಂದೆ ಗಲಾಟೆ ಕೇಳಿ ಏದುಸಿರು ಬಿಡುತ್ತ ಬಂದ ಬೀರಾನ್.

“ಸಾರ್, ನಾನು ಎಂತ ಕದ್ದಿದ್ದೇನೆ?” ಎಂದಳು ವೆಲಿಟಾ.

“ಏನು ಕದ್ದಿದ್ದೀರಿ?” ಎಂದ ಧನಂಜಯ.

“ಅದನ್ನೇ ನಾನು ಕೇಳುದು!”

ಪುರಂದರ ಗಂಟಲು ಸರಿಮಾಡಿಕೊಂಡ. “ಮುಚ್ಚಿಡ್ಬೇಡಿ ಮಾರಾಯ್ರೆ. ನಮಗೆ ಎಲ್ಲ ಗೊತ್ತುಂಟು. ಹಳದಿ, ಬಿಳಿ, ಕಪ್ಪು ಎಲ್ಲ. ತಾಯಿದು ನಾಲ್ಕು ಕಿಲೋ ಇರುದೂ ಗೊತ್ತುಂಟು. ಹದಿನೈದು ಗ್ರಾಂ ಹೋದದ್ದೂ ಗೊತ್ತುಂಟು.”

ಬೆಕ್ಕಿನ ವಿಷಯ ಬಯಲಾಯಿತು! ಧನಂಜಯ ಎಲ್ಲರನ್ನೂ ದಾಟಿ ನೇರ ಬೀರಾನನ ಮುಂದೆ ನಿಂತು ಕೈ ಜೋಡಿಸಿದ.

“ಬೀರಾನಿಕ್ಕಾ, ಸ್ವಲ್ಪ ದಿನ ಅವಕಾಶ ಕೊಡಿ. ಈಗ ತಾನೇ ಕಣ್ಣು ಬಿಟ್ಟಿವೆ.”

ಬೀರಾನ್ ಬಾವಾಕುಂಞಿಯ ಕಡೆ ತಿರುಗಿದ. “ಚಿನ್ನ ಕಣ್ಣು ಬಿಡುದಾ?”

“ನಮ್ಮ ಅಂಗಡಿಯಲ್ಲಿ ಬಿಡುದಿಲ್ಲ,” ಎಂದ ಬಾವಾಕುಂಞಿ.

“ಚಿನ್ನವಾ?” ಎಂದ ಧನಂಜಯ. “ಯಾವ ಚಿನ್ನ?”

“ನೀವು ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದ ಚಿನ್ನ,” ಎಂದಳು ರಾಜೀವಿ. “ದಿನಾ ತೂಗ್ತೀರಲ್ಲ. ನಾನು ಬೇಕೂಂತ ಕೇಳಿದ್ದಲ್ಲ, ಡಕ್ಟಿನಲ್ಲಿ ಬಂತು.”

ಧನಂಜಯನಿಗೆ ನಿಧಾನವಾಗಿ ಅರ್ಥವಾಗತೊಡಗಿತು. ಲಿಫ್ಟಿನ ಬಾಗಿಲು, ನೀರುದೋಸೆ, ಮುಖ್ಯ ಅತಿಥಿ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ‘ಸೀನಿಯರ್’ಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಬೀರಾನನಿಗೆ ಬೆಕ್ಕಿನ ವಿಷಯ ಇನ್ನೂ ಗೊತ್ತಿಲ್ಲ. ‘ಹೌದು, ಚಿನ್ನ ಇದೆ, ಲೆಕ್ಕ ತಪ್ಪಿತ್ತು, ಈಗ ಸಿಕ್ಕಿತು’ ಎಂದುಬಿಟ್ಟರೆ ಮರಿಗಳು ಉಳಿಯುತ್ತವೆ.

ಅವನು ಬಾಯಿ ತೆರೆಯುವಷ್ಟರಲ್ಲಿ ವೆಲಿಟಾ ಮುಂದೆ ಬಂದಳು. ಅವಳು ಈಗ ಕೂಗುತ್ತಿರಲಿಲ್ಲ.

“ಮೂರು ಮನೆ ಹೋಯ್ತು ಸಾರ್ ನಂದು, ಒಂದೇ ರಾತ್ರಿಯಲ್ಲಿ. ಕೆಲಸ ಬೇರೆ ಸಿಗ್ತದೆ. ಕಳ್ಳಿ ಅಂತ ಹೆಸರು ಬಂದ್ರೆ ಅದು ಊರಿನವರೆಗೆ ಹೋಗ್ತದೆ. ಆ ಪೆಟ್ಟಿಗೆ ತೆಗೀರಿ. ಇವರೆಲ್ಲ ನೋಡ್ಲಿ. ಒಳಗೆ ಎಂತ ಉಂಟೋ ನಾನೂ ನೋಡ್ತೇನೆ.”

ಸಿಂಚನಾ ಗಂಡನನ್ನು ನೋಡಿದಳು. ಧನಂಜಯ ಬೀರಾನನನ್ನು ನೋಡಿದ, ಕಿಟಕಿಯಾಚೆಯ ಬಿಸಿಲನ್ನು ನೋಡಿದ, ಕೊನೆಗೆ ವೆಲಿಟಾಳನ್ನು ನೋಡಿದ. ಜೇಬಿನಿಂದ ಕೀಲಿ ತೆಗೆದು ಸ್ಟೋರ್ ರೂಮಿನ ಬಾಗಿಲು ತೆರೆದ.

ಎಲ್ಲರೂ ಒಟ್ಟಿಗೆ ಬಗ್ಗಿದರು. ಸೂಟ್‌ಕೇಸಿನೊಳಗಿಂದ ನಾಲ್ಕು ಕಿಲೋದ ತಾಯಿ ತಲೆಯೆತ್ತಿ ಎಲ್ಲರ ಮೇಲೂ ಬುಸ್ಸೆಂದಿತು.

“ಪೂಚ್ಚ! ಬೆಕ್ಕು!” ಎಂದ ಬೀರಾನ್.

“ಜೆಜು!” ಎಂದು ಶಿಲುಬೆಯ ಗುರುತು ಮಾಡಿದಳು ವೆಲಿಟಾ.

“ಪ್ಲಾಟಿನಂ ಇದಾ?” ಎಂದ ಪುರಂದರ, ಬಿಳಿ ಮರಿಯನ್ನು ನೋಡಿ.

ರಾಜೀವಿಗೆ ಮಾತ್ರ ಕಂಡದ್ದು ಬೇರೆ. ಮೂರು ಮರಿಗಳು ತಾಯಿಯ ಹೊಟ್ಟೆಗಂಟಿ ಚಪ್ಪರಿಸುತ್ತಿದ್ದವು. ನಾಲ್ಕನೆಯದು ದೂರದ ಮೂಲೆಯಲ್ಲಿ, ಜಿಪ್ಪಿನ ಪಕ್ಕದಲ್ಲಿ ಮುದುಡಿ ಬಿದ್ದಿತ್ತು. ಬಾಯಿ ತೆರೆಯಿತು; ದನಿ ಬರಲಿಲ್ಲ. ಅವಳು ಕೆಳಗೆ ಕುಳಿತು ಅದನ್ನು ಮುಟ್ಟಿದಳು.

“ಅಯ್ಯೋ ದೇವರೇ! ಇದು ಐಸಿನ ಹಾಗೆ ಉಂಟಲ್ಲ!” ಮೇಲೆ ನೋಡಿದಳು. ಸೂಟ್‌ಕೇಸಿನ ಆ ಮೂಲೆಗೆ ಸರಿಯಾಗಿ ಎ.ಸಿ.ಯ ಜಾಲರಿ ತಣ್ಣನೆ ಗಾಳಿ ಸುರಿಯುತ್ತಿತ್ತು. “ದೊಡ್ಡದು ದೂಡಿದ್ರೆ ಇದು ಈ ಮೂಲೆಗೆ ಬೀಳ್ತದೆ. ಚಳಿ ಹಿಡಿದ ಮೇಲೆ ಹಾಲು ಕುಡೀಲಿಕ್ಕೆ ಶಕ್ತಿ ಎಲ್ಲಿ? ದಿನಾ ತೂಗಿದ್ರಿ ಮಾರಾಯ್ರೆ, ಒಂದು ಸಲ ಮುಟ್ಟಿ ನೋಡ್ಲಿಕ್ಕೆ ಆಗ್ಲಿಲ್ವಾ?”

ಸೀನಿಯರ್ ಇನ್‌ಸ್ಪೆಕ್ಟರ್ ತಲೆ ತಗ್ಗಿಸಿದ. ಡಾಕ್ಟರಮ್ಮ ‘ಬೆಚ್ಚಗಿಡಿ’ ಎಂದದ್ದು ಈಗ ಅವನ ಕಿವಿಗೆ ಬಿತ್ತು.

ಆಮೇಲೆ ಯಾರೂ ಯಾರನ್ನೂ ಕೇಳಿಕೊಂಡು ಕೆಲಸ ಮಾಡಲಿಲ್ಲ. ಪುರಂದರ ಸ್ಟೂಲು ಹತ್ತಿ ಜಾಲರಿಗೆ ರಟ್ಟು ಸಿಕ್ಕಿಸಿದ. ಸಿಂಚನಾ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ಲು ಸುತ್ತಿದಳು. ರಾಜೀವಿ ಮರಿಯನ್ನು ತನ್ನ ಸೆರಗಿನಲ್ಲಿಟ್ಟುಕೊಂಡು ಬಾಟಲಿಗೆ ಒತ್ತಿ ಕುಳಿತಳು. “ಮೊದಲು ಬೆಚ್ಚಗಾಗ್ಲಿ, ಆಮೇಲೆ ಹಾಲು,” ಎಂದಳು. ಕ್ಲಿನಿಕ್ಕಿನ ಡಾಕ್ಟರಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದಳು. ಮರಿಯ ಪಾದ ಬಿಸಿಯಾದ ಮೇಲೆ ಅದನ್ನು ತಾಯಿಯ ಹಿಂದಿನ ಮೊಲೆಯ ಹತ್ತಿರ ಬಿಟ್ಟರು. ಹಳದಿ ಕೂಡಲೇ ನುಗ್ಗಿ ಬಂತು.

“ನೀನು ಆಚೆ ಹೋಗು, ಲೂಟಿಕೋರ!” ಎಂದು ವೆಲಿಟಾ ಅದನ್ನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿ, ಬೆರಳನ್ನು ಅಲ್ಲೇ ಬೇಲಿಯಾಗಿ ಇಟ್ಟಳು.

ಸಣ್ಣದು ಹುಡುಕಿತು, ತಪ್ಪಿತು, ಮೂಗು ಉಜ್ಜಿತು. ಮತ್ತೆ ತಪ್ಪಿತು. ಬಾವಾಕುಂಞಿ ಉಸಿರು ಬಿಗಿಹಿಡಿದಿದ್ದ. ಕೊನೆಗೊಮ್ಮೆ ಚಪ್, ಚಪ್ ಎಂಬ ಬಹಳ ಸಣ್ಣ ಸದ್ದು ಕೇಳಿಸಿತು. ಮರಿಯ ಮುಂಗಾಲುಗಳು ತಾಯಿಯ ಹೊಟ್ಟೆಯನ್ನು ಹಿಟ್ಟು ನಾದುವ ಹಾಗೆ ಒತ್ತತೊಡಗಿದವು.

“ಕುಡೀತು,” ಎಂದಳು ವೆಲಿಟಾ.

ಧನಂಜಯ ಗೋಡೆಗೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡ. ಕನ್ನಡಕ ಶುದ್ಧವಾಗಿಯೇ ಇತ್ತು.

ಈಗ ಉಳಿದದ್ದು ಬೀರಾನ್. ಎಲ್ಲರೂ ಅವನ ಕಡೆ ನೋಡಿದರು. ಅವನು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಯೋಚಿಸಿದ.

“ಬೋರ್ಡಿನಲ್ಲಿ ಸಾಕುದು ಮಮ್ನೂ, ಸಾಕ್ಲಿಕ್ಕಿಲ್ಲ ಅಂತ ಉಂಟು,” ಎಂದ. “ಇದು ಸಾಕಿದ್ದಲ್ಲ, ಹೆರಿಗೆಗೆ ಬಂದದ್ದು. ಬಾಣಂತಿಯನ್ನು ಬಿಸಿಲಿಗೆ ಹಾಕ್ಬೇಕು ಅಂತ ಬೋರ್ಡಿನಲ್ಲಿ ಇಲ್ಲ. ಮಕ್ಕಳು ತಿನ್ನುವ ತನಕ ನಾನು ಈ ಮಾಳಿಗೆಗೆ ಬರುದಿಲ್ಲ, ನೋಡುದಿಲ್ಲ. ಖಲಾಸ್.”

ಅಂದವನು ಅದೇ ಸಂಜೆ ಮೀನಿನ ತಲೆ ಹಿಡಿದುಕೊಂಡು ಬಂದ.

ರಾಜೀವಿ ವೆಲಿಟಾಳ ಹತ್ತಿರ ತಪ್ಪಾಯಿತು ಎಂದಳು. ವೆಲಿಟಾ ಅಷ್ಟಕ್ಕೆ ಬಿಡಲಿಲ್ಲ. “ಫೋನಿನಲ್ಲಿ ಹೋದ ಮಾತು ಫೋನಿನಲ್ಲಿ ಬರುದಿಲ್ಲ ಅಕ್ಕಾ, ನಡೀರಿ,” ಎಂದು ಅವಳನ್ನು ಮೂರು ಮನೆಗೂ ಕರೆದುಕೊಂಡು ಹೋದಳು. ಲಿಫ್ಟು ಕೆಟ್ಟಿತ್ತು. ಪ್ರತಿ ಬಾಗಿಲಲ್ಲಿ ರಾಜೀವಿ ಏದುಸಿರು ಬಿಡುತ್ತ, “ಚಿನ್ನ ಅಲ್ಲ, ಮಾರಾಯ್ತಿ, ಬೆಕ್ಕು” ಎಂದು ಮೊದಲಿನಿಂದ ವಿವರಿಸಬೇಕಾಯಿತು. ಮೂರು ಮನೆಯವರೂ ವೆಲಿಟಾಳನ್ನು ವಾಪಸು ಕರೆದರು. ಅವಳು ಎರಡು ಮನೆಗೆ ಒಪ್ಪಿದಳು. ಮೂರನೆಯವರು ಯಾವತ್ತೂ ಚಹಾ ಕೊಡುತ್ತಿರಲಿಲ್ಲವಂತೆ.

ಸುಕೇಶ್ ಫೋನ್ ಮಾಡಿ, ಸಮಯದ ಅಭಾವದಿಂದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಯ ಭಾಷಣ ಕೈಬಿಡಲಾಗಿದೆ ಎಂದ. “ಪರವಾಗಿಲ್ಲ ಧನರಾಜ್, ಊಟಕ್ಕೆ ಬನ್ನಿ,” ಎಂದೂ ಹೇಳಿದ.

ಧನಂಜಯನಿಗೆ ಬೇಸರಪಡಲು ಪುರುಸೊತ್ತಿರಲಿಲ್ಲ. ಸಣ್ಣದು ಮರುದಿನ ಆರು ಗ್ರಾಂ ಏರಿತು, ಆಮೇಲೆ ಒಂಬತ್ತು. ಅವನು ಅಂಕಿಯನ್ನು ಈಗ ಡಕ್ಟಿಗೇ ಮುಖ ಕೊಟ್ಟು ಕೂಗುತ್ತಿದ್ದ; ಮೇಲಿನಿಂದ, ಕೆಳಗಿನಿಂದ ಚಪ್ಪಾಳೆ ಬರುತ್ತಿತ್ತು. ಎರಡೂ ಫ್ಲ್ಯಾಟುಗಳ ಬಾಗಿಲು ಸಂಜೆಯಾದರೆ ತೆರೆದೇ ಇರು​ತ್ತಿದ್ದವು. ಮಕ್ಕಳು ಬಂದರು, ಅಜ್ಜಿಯರು ಬಂದರು, ಬಾವಾಕುಂಞಿ ತನ್ನ ಅಂಗಡಿಯ ಮೂವರನ್ನು ಕರೆತಂದ.

ಈ ಜಾತ್ರೆ ಒಬ್ಬಳಿಗೆ ಮಾತ್ರ ಹಿಡಿಸಲಿಲ್ಲ. ಒಂದು ಸಂಜೆ ಧನಂಜಯ ಕೆಲಸದಿಂದ ಬಂದು ನೋಡಿದರೆ ಸೂಟ್‌ಕೇಸಿನಲ್ಲಿ ಪಂಚೆ ಮಾತ್ರ ಇತ್ತು. ತಾಯಿಯಿಲ್ಲ, ಒಂದು ಮರಿಯೂ ಇಲ್ಲ. ಗಂಡ ಹೆಂಡತಿ ಮಂಚದಡಿ, ವಾಷಿಂಗ್ ಮಷೀನಿನೊಳಗೆ, ಫ್ರಿಜ್ಜಿನ ಹಿಂದೆ ಎಲ್ಲ ಹುಡುಕಿದರು. ಧನಂಜಯ ಅಡುಗೆಮನೆಯ ಮಧ್ಯೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಾಗ ಡಕ್ಟಿನಿಂದ ರಾಜೀವಿಯ ದನಿ ಬಂತು.

“ಹುಡುಕ್ಬೇಡಿ ಮಾರಾಯ್ರೆ! ಎಲ್ಲ ನಮ್ಮಲ್ಲಿಗೆ ಬಂದು ಕೂತಿದ್ದಾರೆ. ನನ್ನ ಕಪಾಟಿನ ಒಳಗೆ, ಮದುವೆ ಸೀರೆಯ ಮೇಲೆ!”

ಧನಂಜಯ ಕಿಟಕಿಗೆ ಹಾರಿದ. “ಸಣ್ಣದು? ಸಣ್ಣದು ಕುಡೀತಾ?”

“ಈಗ ಹಳದಿಯನ್ನು ಅದೇ ದೂಡುದು! ಕುಡಿದು ಮಲಗಿದೆ. ತಕ್ಕಡಿ ಹಿಡ್ಕೊಂಡು ಬಂದು ಎಬ್ಬಿಸ್ಬೇಡಿ.”

“ಒಂದೇ ಒಂದು ಸಲ. ಎಷ್ಟು ಗ್ರಾಂ ಅಂತ...”

“ಗ್ರಾಂ ಎಲ್ಲ ನಂಗೆ ಗೊತ್ತಿಲ್ಲ. ಹೊಟ್ಟೆ ಇಡ್ಲಿಯ ಹಾಗೆ ಉಬ್ಬಿದೆ, ಸಾಕಾ?”

ಧನಂಜಯ ಬುಟ್ಟಿ ಕೆಳಗಿಟ್ಟ. ಎಷ್ಟೋ ದಿನಗಳ ನಂತರ ಅವನ ಮುಖ ಸಡಿಲವಾಯಿತು. ಮತ್ತೆ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ:

“ಮನೆ ಇಡ್ಲಿಯೋ, ಹೋಟೆಲ್ ಇಡ್ಲಿಯೋ?”